ನಾನು ಟೈಪ್ ಮಾಡಿದ ‘ಆಯಿ’

ನಮ್ಮ ಟೇಬಲ್ಲಿಗೆ ಬರುತ್ತಿದ್ದ ದೂರುಗಳಲ್ಲಿ ಹೆಚ್ಚಿನವು ಕೂದಲಿನವು. ಬಾಲಗೃಹಕ್ಕೆ ಸೇರಿದ ಹೆಣ್ಣುಮಕ್ಕಳಿಗೆ ಹೇನು ಇರುತ್ತವೆಂದು ಮೊದಲ ವಾರದಲ್ಲೇ ತಲೆ ಬೋಳಿಸಿಬಿಡುತ್ತಿದ್ದರು. ತಿಂಗಳಿಗೊಮ್ಮೆ ನೋಡಲು ಬಂದ ತಾಯಿ ಮಗಳ ತಲೆ ಕಂಡು ಎದೆ ಒಡೆದುಕೊಂಡು, ಅಲ್ಲಿಂದ ಸೀದಾ ನಮ್ಮ ಕಚೇರಿಗೆ ಬಂದು ಅಳುತ್ತಿದ್ದಳು. ಅದನ್ನು ನಾನು ಬರೆದುಕೊಳ್ಳಬೇಕು. ಕೂದಲು ಬಿಟ್ಟರೆ ಬೇಳೆ ನೀರಾಗಿದೆ, ಹಾಸಿಗೆಯಲ್ಲಿ ತಿಗಣೆ ಇವೆ, ಅಕ್ಕನನ್ನು ಒಂದು ಕಡೆ ತಂಗಿಯನ್ನು ಒಂದು ಕಡೆ ಹಾಕಿದ್ದಾರೆ, ಜ್ವರ ಬಂದು ನಾಲ್ಕು ದಿನವಾದರೂ ತಿಳಿಸಲಿಲ್ಲ, ಇಂಥವು.

ಕಚೇರಿ ಇದ್ದದ್ದು ಮುಂಬಯಿಯ ಪೂರ್ವ ಉಪನಗರದಲ್ಲಿ, ಘಾಟ್ಕೋಪರ್ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದಲ್ಲಿ. ಯಾರೂ ಇಲ್ಲದ, ಅಥವಾ ಇದ್ದೂ ಸಾಕಲಾಗದ ಮನೆಯ ಮಕ್ಕಳನ್ನು ಸರ್ಕಾರ ತನ್ನ ವಶಕ್ಕೆ ತೆಗೆದುಕೊಂಡು ಬಾಲಗೃಹಗಳಲ್ಲಿ ಇಡುತ್ತದಲ್ಲ, ಆ ಮಕ್ಕಳ ಕಾಗದಪತ್ರವೆಲ್ಲ ನಮ್ಮಲ್ಲಿ. ನಾನು ಕಾಂಟ್ರಾಕ್ಟಿನ ಮೇಲಿದ್ದ ಟೈಪಿಸ್ಟ್. ದೂರು ಬಂದರೆ ರಿಜಿಸ್ಟರಿನಲ್ಲಿ ಏರಿಸಿ, ನಂಬರು ಕೊಟ್ಟು, ಬಾಲಗೃಹಕ್ಕೆ ಪತ್ರ ಟೈಪ್ ಮಾಡಬೇಕು. ಅವರ ಉತ್ತರ ಬಂದ ಮೇಲೆ ದೂರು ಕೊಟ್ಟವರಿಗೆ ತಿಳಿಸಬೇಕು. ಉತ್ತರದಲ್ಲಿ ಯಾವಾಗಲೂ ಒಂದೇ ಸಾಲು: ‘ದೂರಿನಲ್ಲಿ ತಥ್ಯ ಕಂಡುಬಂದಿಲ್ಲ.’ ಆ ಸಾಲು ಬಂದರೆ ನಾನು ರಿಜಿಸ್ಟರಿನಲ್ಲಿ ಕೆಂಪು ಗೆರೆ ಎಳೆಯುತ್ತಿದ್ದೆ. ಬೋಳಿಸಿದ ತಲೆ ಕಣ್ಣ ಮುಂದೆ ಇರುತ್ತಿತ್ತು, ಆದರೂ ಎಳೆಯುತ್ತಿದ್ದೆ.

ನಾನು ತಡವಾಗಿ ಓದಿದವನು. ಇಂಡಿ ತಾಲೂಕಿನ ಊರಿನಲ್ಲಿ ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ಮುಂಬಯಿಗೆ ಬಂದವನು. ಮುಲುಂಡಿನಲ್ಲಿ ಗೋಡೌನಿನಲ್ಲಿ ಚೀಲ ಹೊತ್ತು, ಸಂಜೆ ಶಾಲೆಗೆ ಹೋಗಿ, ಮೀಸೆ ಬೆಳ್ಳಗಾಗಲು ಶುರುವಾದ ಮೇಲೆ ಹತ್ತನೇ ಇಯತ್ತೆ ಪಾಸಾದೆ. ಆಮೇಲೆ ಮರಾಠಿ ಟೈಪಿಂಗ್. ಎರಡು ಸಲ ಫೇಲ್, ಮೂರನೇ ಸಲ ಪಾಸ್. ಬೆರಳು ದಪ್ಪ, ಕೀಲಿ ಸಣ್ಣ. ಕಚೇರಿಯ ಅಂಗಳದಲ್ಲಿ ಕ್ಯಾಂಟೀನ್ ನಡೆಸುತ್ತಿದ್ದ ಉಡುಪಿ ಕಡೆಯವರೊಬ್ಬರು ಚಹಾ ತಂದಾಗಲೆಲ್ಲ ನನ್ನ ಹಿಂದೆ ನಿಂತು ನೋಡುತ್ತಿದ್ದರು.

“ಎಂತ ಮಾರಾಯ್ರೇ, ಕೋಳಿ ಕಾಳು ಹೆಕ್ಕಿದ ಹಾಗೆ ಹೆಕ್ತೀರಲ್ಲ! ಈ ಪತ್ರ ಮುಗಿಯುವಾಗ ಆ ಮಗುವಿಗೆ ಮದುವೆ ಆಗಿರ್ತದೆ.”

“ನೀವು ಇಡ್ಲಿ ನೋಡ್ಕೋರಿ ಅಣ್ಣಾರ, ತಳ ಹತ್ತಿದ ವಾಸನಿ ಬರಾಕತ್ತೇತಿ,” ಎಂದು ನಾನೂ ಬಿಡುತ್ತಿರಲಿಲ್ಲ. ಆದರೆ ಒಳಗೆ ನನಗೆ ನಾಚಿಕೆ ಇತ್ತು. ನಿಧಾನ ಎಂಬ ಮಾತು ಕೇಳಿದರೆ ಕಿವಿ ಬಿಸಿಯಾಗುತ್ತಿತ್ತು. ಇದನ್ನು ಮೊದಲೇ ಹೇಳುತ್ತಿದ್ದೇನೆ, ಏಕೆಂದರೆ ಮುಂದಿನದರಲ್ಲಿ ಆ ನಾಚಿಕೆಗೂ ಪಾಲಿದೆ.

ಒಂದು ಮೇ ತಿಂಗಳ ಮಧ್ಯಾಹ್ನ ನಮ್ಮ ಮೇಡಂ ನನ್ನನ್ನು ಒಳಗೆ ಕರೆದರು. ಮಕ್ಕಳನ್ನು ಎಲ್ಲಿ ಇಡಬೇಕೆಂದು ತೀರ್ಮಾನಿಸುವ ಸಮಿತಿ ಆ ಕೋಣೆಯಲ್ಲಿ ಕೂಡುತ್ತಿತ್ತು. ಮೇಡಂ ಪುಣೆಯ ಕಡೆಯವರು, ಕೆಲಸದಲ್ಲಿ ಚುರುಕು, ಮನಸ್ಸಿನಲ್ಲಿ ಕೆಟ್ಟವರಲ್ಲ. ನನ್ನನ್ನು ‘ಕಾನಡೀ ಭಾವೂ’ ಎನ್ನುತ್ತಿದ್ದರು, ಕನ್ನಡದ ಅಣ್ಣ ಎಂದು.

“ಯಾ, ಯಾ, ಬನ್ನಿ ಕಾನಡೀ ಭಾವೂ. ಇವತ್ತು ನಿಮ್ಮ ಭಾಷೆಗೆ ಕೆಲಸ ಬಂದಿದೆ.”

ಮಹಿಳಾ ಪೊಲೀಸೊಬ್ಬಳ ಪಕ್ಕದಲ್ಲಿ ಹುಡುಗಿಯೊಂದು ಕುರ್ಚಿಯ ಅಂಚಿನಲ್ಲಿ ಕುಳಿತಿತ್ತು. ಆರು ವರ್ಷ ಇರಬಹುದು. ಎರಡು ಜಡೆ, ಒಂದು ಬಿಚ್ಚಿಹೋಗಿತ್ತು. ಸ್ಟೇಷನ್ನಿನ ಮೇಲ್ಸೇತುವೆಯ ಮೆಟ್ಟಿಲ ಮೇಲೆ ಒಂದು ಹಗಲೆಲ್ಲ ಒಬ್ಬಳೇ ಕುಳಿತದ್ದನ್ನು ನೋಡಿ ಕರೆತಂದಿದ್ದರು. ಹಿಂದಿ ಬಾರದು, ಮರಾಠಿ ಬಾರದು. ನನಗೆ ಸಮಿತಿಯ ಮೇಜಿನ ಬಳಿ ಕುರ್ಚಿ ಕೊಟ್ಟರು. ಅಷ್ಟು ವರ್ಷದಲ್ಲಿ ಆ ಕೋಣೆಯಲ್ಲಿ ನಾನು ಕುಳಿತದ್ದು ಅದೇ ಮೊದಲು. ಕಂಪ್ಯೂಟರ್ ನನ್ನ ಮುಂದೆ ತಿರುಗಿಸಿ, ಕೇಳುತ್ತ ಹಾಗೆಯೇ ಫಾರಂ ತುಂಬಿಬಿಡಿ ಎಂದರು. ಹೊರಗೆ ಇನ್ನೂ ಏಳೆಂಟು ಕೇಸು ಕಾಯುತ್ತಿದ್ದವು.

“ಯಾವೂರ ನಿಂದು, ಪುಟ್ಟಿ?” ಎಂದೆ.

ಕನ್ನಡ ಕೇಳಿದ್ದೇ ಹುಡುಗಿ ಮುಖ ಎತ್ತಿತು. “ಬಿಲ್ಡಿಂಗ್ ಹಂತ್ಯಾಕ ನಮ್ಮ ಮನಿ,” ಎಂದಿತು.

“ಯಾವ ಬಿಲ್ಡಿಂಗ?”

“ದೊಡ್ಡ ಬಿಲ್ಡಿಂಗ. ಇನ್ನಾ ಕಟ್ಟಾಕತ್ತಾರ.”

ನಾನು ‘ಕಟ್ಟಡ ಕಾರ್ಮಿಕರ ಮಗು’ ಎಂಬುದನ್ನು ಮರಾಠಿಯಲ್ಲಿ ಹುಡುಕಿ ಹುಡುಕಿ ಒತ್ತುತ್ತಿದ್ದೆ. ಮೇಡಂ ಗಡಿಯಾರ ನೋಡಿದರು. ನನ್ನನ್ನು ಕಾಯದೆ ತಾವೇ ಬಗ್ಗಿ ಹುಡುಗಿಯನ್ನು ಮರಾಠಿಯಲ್ಲಿ ಕೇಳಿದರು, “ಬಾಳಾ, ತುಝೀ ಆಯಿ ಕುಠೇ ಆಹೇ?”

ಮಗೂ, ನಿನ್ನ ತಾಯಿ ಎಲ್ಲಿದ್ದಾಳೆ, ಎಂದು ಅದರ ಅರ್ಥ. ಹುಡುಗಿಗೆ ಅದರಲ್ಲಿ ತಿಳಿದದ್ದು ಒಂದೇ ಶಬ್ದ. ಮೇಜಿನ ಮೇಲಿದ್ದ ಟಾಚಣಿಗಳನ್ನು, ಕಾಗದಕ್ಕೆ ಚುಚ್ಚುವ ಗುಂಡುಸೂಜಿಗಳನ್ನು, ಸಾಲಾಗಿ ಜೋಡಿಸುತ್ತ ಅದು ಹೇಳಿತು, “ಆಯಿ ಸತ್ತಾಳ.”

“ಸತ್ತಾಳ ಮ್ಹಣಜೇ?” ಮೇಡಂ ನನ್ನ ಕಡೆ ತಿರುಗಿದರು. ಸತ್ತಾಳ ಅಂದರೇನು?

ನಾನು ಹಿಂದಿನ ಸಾಲನ್ನೇ ಇನ್ನೂ ಮುಗಿಸಿರಲಿಲ್ಲ. ಕಣ್ಣು ಕೀಲಿಗಳ ಮೇಲೆ. “ವಾರಲೀ,” ಎಂದೆ. ತೀರಿಕೊಂಡಳು.

“ಅರೇರೇ,” ಎಂದರು ಮೇಡಂ. “ಲಿಹಾ. ಬರೀರಿ.”

ಬರೆದೆ. ಮರಾಠಿಯಲ್ಲಿ ಆಯಿ ಅಂದರೆ ತಾಯಿ. ಎರಡೇ ಅಕ್ಷರ. ಅದರ ಮುಂದೆ ‘ಮೃತ’. ಅಪ್ಪ ಎಲ್ಲಿ ಎಂದು ಕೇಳಿದೆ, ಅಪ್ಪ ಇಲ್ಲ ಎಂದಿತು. ಅದನ್ನೂ ಬರೆದೆ. ಫಾರಮ್ಮಿನ ಕೆಳಗೆ ಮೊದಲೇ ಅಚ್ಚಾಗಿದ್ದ ಸಾಲೊಂದಿತ್ತು: ‘ಮೇಲಿನ ಹೇಳಿಕೆಯನ್ನು ಮಗುವಿಗೆ ಅದರ ಭಾಷೆಯಲ್ಲಿ ಓದಿ ಹೇಳಲಾಗಿದೆ.’ ಅದರ ಕೆಳಗೆ ಸಹಿ ಮಾಡಿದೆ. ಓದಿ ಹೇಳಲಿಲ್ಲ. ಅಷ್ಟರಲ್ಲೇ ಬಹಳ ಹೊತ್ತು ಹಿಡಿದಿದ್ದೆ, ಇನ್ನು ಓದುತ್ತ ಕೂತರೆ ಏನನ್ನುತ್ತಾರೋ ಎಂದು.

ಪೊಲೀಸು ಕೈಹಿಡಿದು ಎಬ್ಬಿಸಿದಾಗ ಹುಡುಗಿ ನನ್ನ ಅಂಗಿಯ ತುದಿ ಹಿಡಿದುಕೊಂಡಿತು. “ನಮ್ಮವ್ವ ಬರ್ತಾಳನ್ರಿ?” ಎಂದಿತು.

ಸತ್ತಿದ್ದಾಳೆಂದು ಈಗತಾನೆ ಹೇಳಿದ ಮಗು ಹೀಗೆ ಕೇಳುತ್ತಿತ್ತು. ಸಾವು ಅಂದರೇನು ಈ ವಯಸ್ಸಿಗೆ ತಿಳಿಯದು ಎಂದುಕೊಂಡೆ. ತಲೆ ಸವರಿ, “ಬರ್ತಾಳ, ಬರ್ತಾಳ,” ಎಂದೆ. ಒಳ್ಳೆಯದನ್ನೇ ಮಾಡಿದೆ ಎಂದುಕೊಂಡೆ.

ಮೇಡಂ ಆವತ್ತು ನನಗೆ ಒಳಗೇ ಚಹಾ ತರಿಸಿದರು. “ಇವತ್ತು ನೀವಿಲ್ಲದಿದ್ದರೆ ನಮಗೆ ಏನೂ ತಿಳೀತಿರಲಿಲ್ಲ, ಭಾವೂ,” ಎಂದರು. ಮುಲುಂಡಿಗೆ ಹೋಗುವ ಲೋಕಲ್ಲಿನಲ್ಲಿ ಬಾಗಿಲ ಬಳಿ ನಿಂತು ನಾನು ಆ ಮಾತನ್ನೇ ನೆನೆಸಿಕೊಳ್ಳುತ್ತಿದ್ದೆ. ಮನೆಯಲ್ಲಿ ಹೆಂಡತಿಗೂ ಹೇಳಿದೆ.

ಮುಂದಿನ ವರ್ಷ ಹೋಳಿ ಮುಗಿದ ಮೇಲೆ, ಒಂದು ಮಂಗಳವಾರ. ಮಂಗಳವಾರ ದೂರಿನವರನ್ನು ನೇರವಾಗಿ ಭೇಟಿಯಾಗುವ ದಿನ. ಬೆಂಚಿನ ತುದಿಯಲ್ಲಿ, ಕಿಟಕಿಯ ಕಡೆ ಮುಖ ಮಾಡಿ ಒಬ್ಬ ಹೆಂಗಸು ಕುಳಿತಿದ್ದಳು. ಮುಖಕ್ಕೆ ಮಾಸ್ಕು. ಕೈಯಲ್ಲಿ ಎಕ್ಸ್‌ರೇ ಇಡುವ ಉದ್ದನೆಯ ಪ್ಲಾಸ್ಟಿಕ್ ಚೀಲ. ನಾನು ಫೋನಿನಲ್ಲಿ ಹೆಂಡತಿಯ ಜೊತೆ ಮಾತಾಡಿದ್ದು ಕಿವಿಗೆ ಬಿದ್ದಿರಬೇಕು, ಎದ್ದು ಬಂದಳು.

“ನೀವು ನಮ್ಮ ಕಡ್ಯಾವ್ರೇನ್ರಿ?”

“ಇಂಡಿ ಕಡೆ. ನೀವು?”

“ಸಿಂದಗಿ ರೀ.” ಮಾಸ್ಕಿನ ಮೇಲೆ ಕಣ್ಣು ಅರಳಿದವು. “ದೇವರ ಸಿಕ್ಕಂಗ ಸಿಕ್ಕ್ರಿ ಅಣ್ಣಾರ.”

“ಕೂಡ್ರಿ. ಏನ ತಕ್ರಾರ?” ನಮ್ಮ ಕಚೇರಿಯಲ್ಲಿ ದೂರಿಗೆ ಮರಾಠಿಯ ಆ ಶಬ್ದವೇ ನಡೆಯುತ್ತಿತ್ತು. ನಮ್ಮೂರ ಕಡೆ ತಕರಾರು ಅಂದರೆ ಜಗಳ. ಅವಳು ಎರಡೂ ಕೈ ಜೋಡಿಸಿದಳು.

“ನಾ ತಕರಾರ ಮಾಡಾಕ ಬಂದಿಲ್ರೀ ಯಪ್ಪಾ. ನನ್ನ ಮಗಳನ್ನ ಕೇಳಾಕ ಬಂದೀನಿ.”

ಪವಾಯಿಯಲ್ಲಿ ಕಟ್ಟಡದ ಕೆಲಸ ಮಾಡುತ್ತಿದ್ದಳಂತೆ. ಗಂಡ ಬಿಟ್ಟುಹೋಗಿ ಮೂರು ವರ್ಷ. ಕೆಮ್ಮು ಜಾಸ್ತಿಯಾಗಿ ಟಿಬಿ ದವಾಖಾನೆಗೆ ಸೇರಿಸಿದರು, ಗುಳಿಗೆಗೆ ಬಗ್ಗದ ಟಿಬಿ, ಹತ್ತು ಹನ್ನೊಂದು ತಿಂಗಳು ಅಲ್ಲೇ. ಮಗಳನ್ನು ತಗಡಿನ ಮನೆಯಲ್ಲಿ ತನ್ನ ತಾಯಿಯ ಕೈಗೆ ಒಪ್ಪಿಸಿ ಹೋಗಿದ್ದಳು. ಮೊದಲ ಎರಡು ತಿಂಗಳು ಮುದುಕಿ ಬಂದು ಕಿಟಕಿಯಲ್ಲಿ ಮುಖ ತೋರಿಸಿ ಹೋಗುತ್ತಿದ್ದಳು. ಆಮೇಲೆ ಬರಲಿಲ್ಲ. ಬಿಸಿಲು ತಡೆಯದೆ ಮೊಮ್ಮಗಳನ್ನು ಕಟ್ಟಿಕೊಂಡು ಊರಿಗೆ ಹೋಗಿರಬೇಕು ಎಂದುಕೊಂಡಳು ಇವಳು. ಬಿಡುಗಡೆಯಾಗಿ ಬಂದು ನೋಡಿದರೆ ತಗಡಿನ ಮನೆಗಳಿದ್ದ ಜಾಗದಲ್ಲಿ ಗಾರ್ಡನ್. ಬಿಲ್ಡಿಂಗಿನಲ್ಲಿ ಜನ ವಾಸಕ್ಕೆ ಬಂದಿದ್ದರು. ಮುಲುಂಡಿನಲ್ಲಿ ಕೂಲಿಯವರು ಸೇರುವ ನಾಕಾದಲ್ಲಿ ಕೆಲಸಕ್ಕೆ ಕಾದು ನಿಂತಿದ್ದ ಹಳೆಯ ನೆರೆಯವಳು ಸಿಕ್ಕಿ, ಕಾಲಿಗೆ ಬಿದ್ದು ಬಾಯಿಬಿಟ್ಟಳು: ಮುದುಕಿ ಸತ್ತಳು, ಹುಡುಗಿಯನ್ನು ಹದಿನೈದು ದಿನ ನೋಡಿಕೊಂಡೆ, ಕೆಲಸ ಬೇರೆ ಕಡೆ ಹೋಯಿತು, ಸ್ಟೇಷನ್ನಿನಲ್ಲಿ ಕೂಡ್ರಿಸಿ ಬಂದೆ.

“ಪೊಲೀಸರು ಬಾಲಗೃಹ ತೋರಿಸಿದ್ರು. ಅಲ್ಲಿ ಹೋದ್ರ, ಆ ಹುಡುಗಿ ತಾಯಿ ಸತ್ತಾಳ, ನೀ ಯಾರು, ಮಕ್ಕಳನ್ನ ಮಾರಾಕಿ ಏನು ಅಂತಾರ. ನನ್ನ ಮುಂದ ನಿಂತು ನಾ ಸತ್ತೀನಿ ಅಂತಾರ್ರಿ! ಸತ್ತಾಕಿ ಲೋಕಲ್‌ನ್ಯಾಗ ಟಿಕೀಟ ತಗಸ್ಕೊಂಡು ಬರ್ತಾಳೇನು?”

ಅವಳು ನಕ್ಕಳು. ನಗು ಕೆಮ್ಮಿಗೆ ತಿರುಗಿ, ಮುಖ ಕಿಟಕಿಯ ಕಡೆ ಮಾಡಿದಳು.

ನಾನು ಪೆನ್ನು ತೆರೆದಿದ್ದೆ. “ಮತ್ತ ಸತ್ತಾಕಿ ಯಾರು?” ಎಂದೆ.

“ನಮ್ಮವ್ವ ರೀ. ನನ್ನ ಮಗಳಿಗೆ ಆಯಿ.”

ವಿಜಯಪುರ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ. ನಮ್ಮಲ್ಲಿ ಹೆತ್ತವಳು ಅವ್ವ. ಅಜ್ಜಿ ಆಯಿ. ಅವಳು ಆ ಮಾತು ಹೇಳಿದಾಗ ನನಗೆ ಮೊದಲು ಕಂಡದ್ದು ಮೇಜಿನ ಮೇಲೆ ಸಾಲಾಗಿ ಜೋಡಿಸಿದ ಟಾಚಣಿಗಳು. ಆಮೇಲೆ ಬಿಚ್ಚಿದ ಜಡೆ. ಆಮೇಲೆ ನನ್ನ ಅಂಗಿಯ ತುದಿ. ದೂರು ಬರೆದೆ, ನಂಬರು ಕೊಟ್ಟೆ, “ಮುಂದಿನ ಮಂಗಳವಾರ ಬರ್ರಿ,” ಎಂದೆ.

ಮನೆಗೆ ಹೋದೆ. ಚಾಳಿನ ಒಂದೇ ಕೋಣೆ. ನನ್ನ ತಾಯಿ ಬಾಗಿಲಲ್ಲಿ ಕುಳಿತು ಮೆಂತ್ಯ ಸೊಪ್ಪು ಸೋಸುತ್ತಿದ್ದಳು. ಒಳಗಿಂದ ನನ್ನ ಮಗಳು ಕೂಗಿದಳು, “ಆಯೀ, ಚಾ ಆತು, ಒಳಗ ಬಾ!” ಮುಂಬಯಿಯಲ್ಲೇ ಹುಟ್ಟಿ ಕನ್ನಡ ಅರ್ಧಂಬರ್ಧ ಮಾತಾಡುವ ಮಗಳು, ಆದರೆ ಆ ಶಬ್ದವನ್ನು ಎಂದೂ ತಪ್ಪಿದವಳಲ್ಲ. ದಿನಕ್ಕೆ ಇಪ್ಪತ್ತು ಸಲ ನನ್ನ ಮನೆಯಲ್ಲಿ ಕೂಗುವ ಶಬ್ದ. ನಾನು ಚಪ್ಪಲಿ ಬಿಚ್ಚದೆ ಹೊರಗೇ ನಿಂತುಬಿಟ್ಟೆ.

“ಯಾಕೋ, ಮೈಯಾಗ ಆರಾಮಿಲ್ಲೇನು?” ಎಂದಳು ತಾಯಿ.

ಮರುದಿನ ದಾಖಲೆ ಕೋಣೆಯಿಂದ ಫೈಲು ತೆಗೆದೆ. ಮೊದಲ ಹಾಳೆ ನನ್ನದೇ. ಅದರ ಹಿಂದೆ ಪತ್ರಿಕೆಯ ಪ್ರಕಟಣೆ, ಈ ಮಗುವಿನ ಸಂಬಂಧಿಕರಿದ್ದರೆ ಸಂಪರ್ಕಿಸಿ ಎಂದು ಮರಾಠಿಯಲ್ಲಿ. ಫೋಟೋದಲ್ಲಿ ಹುಡುಗಿಯ ತಲೆ ಬೋಳಿಸಿತ್ತು. ನಾನೇ ನೋಡಿದವನು, ನನಗೇ ಗುರುತು ಸಿಗಲಿಲ್ಲ. ಅದರ ಹಿಂದೆ, ತಾಯಿ ಮೃತ, ತಂದೆ ಇಲ್ಲ, ಯಾರೂ ಬಂದಿಲ್ಲ, ಆದ್ದರಿಂದ ದತ್ತಕಕ್ಕೆ ಮುಕ್ತ ಎಂಬ ಆದೇಶ. ಪ್ರತಿಯೊಂದು ಹಾಳೆಯೂ ಹಿಂದಿನ ಹಾಳೆಯನ್ನು ನೋಡಿ ಬರೆದದ್ದು, ಎಲ್ಲದರ ಕೆಳಗೆ ನನ್ನ ಎರಡು ಅಕ್ಷರ. ಕೊನೆಯಲ್ಲಿ ದತ್ತಕದ ಆದೇಶ. ಬೇರೆ ರಾಜ್ಯದ ಒಂದು ಕುಟುಂಬ. ಹುಡುಗಿ ಹೋಗಿ ಮೂರು ತಿಂಗಳಾಗಿತ್ತು. ಹೆಸರೂ ಬದಲಾಗಿತ್ತು.

ಮೇಡಂ ಮುಂದೆ ಫೈಲು ಇಟ್ಟು ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಆಯಿ ಅಂದರೆ ಆಜಿ? ನಿಮ್ಮಲ್ಲಿ?”

“ಹೌದು ಮೇಡಂ.”

“ನನಗೆ ಹೇಗೆ ಗೊತ್ತಾಗಬೇಕು, ಭಾವೂ? ಅದಕ್ಕೇ ಅಲ್ಲವೇ ನಿಮ್ಮನ್ನು ಕೂಡ್ರಿಸಿದ್ದು?” ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಹೆಚ್ಚು ನಾಟಿತು. ಆಮೇಲೆ ನಿಧಾನವಾಗಿ ಹೇಳಿದರು, “ಅಪೀಲಿನ ಅವಧಿ ಮುಗಿದಿದೆ. ಆ ಹುಡುಗಿಗೆ ಅಲ್ಲಿ ತನ್ನದೇ ಕೋಣೆ ಇದೆ, ಶಾಲೆ ಇದೆ. ಈಗ ಎಳೆದು ತಂದು ಎಲ್ಲಿ ಇಡುತ್ತೀರಿ? ಈ ಹೆಂಗಸಿಗೆ ತನಗೇ ಸೂರಿಲ್ಲ. ಬಾಲಗೃಹದ ಉತ್ತರ ಬರಲಿ. ಅದನ್ನೇ ಕಳಿಸಿ.”

ಉತ್ತರ ಬಂತು. ‘ದೂರಿನಲ್ಲಿ ತಥ್ಯ ಕಂಡುಬಂದಿಲ್ಲ.’

ಅದನ್ನು ಟೈಪ್ ಮಾಡಿ ಅವಳಿಗೆ ಕೊಡಬೇಕಿತ್ತು. ಕೊಡಲಿಲ್ಲ. ನಿಜವನ್ನೂ ಹೇಳಲಿಲ್ಲ. ಅವಳು ಮಂಗಳವಾರ ಬರುತ್ತಿದ್ದಳು, ನಾನು ಇನ್ನೂ ನಡದೈತಿ ಎನ್ನುತ್ತಿದ್ದೆ. ಊರಿನಿಂದ ಲಸಿಕೆಯ ಕಾರ್ಡು ತರಿಸಿದಳು. ಎರಡು ಜಡೆಯ ಫೋಟೋ ತಂದಳು. “ಕೂದಲ ಎಷ್ಟುದ್ದ ಆಗ್ಯಾವ ಒಂದೀಟ ಕೇಳ್ರಿ ಅಣ್ಣಾರ, ರಿಬ್ಬನ್ ತರಬೇಕು,” ಎಂದಳು. ನಾನು ತಲೆಯಾಡಿಸಿದೆ.

ಆ ದಿನಗಳಲ್ಲಿ ಕ್ಯಾಂಟೀನಿನವರನ್ನು ಕೇಳಿದೆ, ಸುಮ್ಮನೆ ಕೇಳಿದ ಹಾಗೆ, “ಅಣ್ಣಾರ, ಆಯಿ ಅಂದ್ರ ಏನು?”

“ಅಮ್ಮ ಅಲ್ವಾ? ನಮ್ಮಲ್ಲಿ ಕೊಂಕಣಿಯವರೂ ಅಮ್ಮನಿಗೆ ಆಯಿ ಅಂತಲೇ ಹೇಳೋದು. ಎಂತಕ್ಕೆ?”

“ಏನಿಲ್ಲ.”

ಅದು ಸಿಕ್ಕಿದ್ದೇ ನನಗೆ ಹಿಡಿದುಕೊಳ್ಳಲು ಕೋಲು ಸಿಕ್ಕಂತಾಯಿತು. ಕನ್ನಡದವರೇ ಹೀಗೆ ತಿಳಿಯುತ್ತಾರೆ ಎಂದ ಮೇಲೆ ಯಾರಿಂದಲೂ ಆಗಬಹುದಾದ ತಪ್ಪು. ಎರಡು ವಾರ ಆ ಕೋಲು ಊರಿಕೊಂಡು ಓಡಾಡಿದೆ. ಆದರೆ ಉಡುಪಿಯವರು ಆ ಕುರ್ಚಿಯಲ್ಲಿ ಕುಳಿತಿರಲಿಲ್ಲ. ನಾನು ಕುಳಿತಿದ್ದೆ. ‘ನಮ್ಮವ್ವ ಬರ್ತಾಳನ್ರಿ’ ಎಂದು ಆ ಮಗು ಅವ್ವ ಎಂಬ ಬೇರೆಯೇ ಶಬ್ದ ಬಳಸಿ ನನ್ನ ಕಿವಿಗೇ ಹೇಳಿತ್ತು.

ಐದನೇ ಮಂಗಳವಾರ ಅವಳು ಕೆಂಪು ರಿಬ್ಬನ್ ತಂದೇಬಿಟ್ಟಿದ್ದಳು. ಅದನ್ನು ಮೇಜಿನ ಮೇಲೆ ಇಟ್ಟು, “ಇದನ್ನರೇ ಕಳಸ್ರಿ,” ಎಂದಳು.

“ತಂಗೀ,” ಎಂದೆ. “ಆ ಹಾಳ್ಯಾಗ ತಾಯಿ ಸತ್ತಾಳ ಅಂತ ಬರದಾಂವ ನಾನು.”

ಅವಳಿಗೆ ತಿಳಿಯಲಿಲ್ಲ. ನಾನು ಮೊದಲಿನಿಂದ ಹೇಳಿದೆ. ಮೇಡಂ ಕೇಳಿದ ಶಬ್ದ, ಮಗು ಹೇಳಿದ ಉತ್ತರ, ನಾನು ಒತ್ತಿದ ಎರಡು ಅಕ್ಷರ. ಮಗು ಅಂಗಿ ಹಿಡಿದು ಕೇಳಿದ್ದನ್ನೂ ಹೇಳಿದೆ. ದತ್ತಕ ಕೊಟ್ಟುಬಿಟ್ಟಿದ್ದಾರೆ ಎಂಬುದನ್ನು ಕೊನೆಗೆ ಹೇಳಿದೆ. ಅವಳು ಮಾಸ್ಕು ಕೆಳಗೆ ಎಳೆದಳು. ಅವಳ ಪೂರ್ತಿ ಮುಖವನ್ನು ನಾನು ಆವತ್ತೇ ಮೊದಲು ನೋಡಿದ್ದು. ಮಗಳದೇ ಗದ್ದ.

“ನಿಮ್ಮನ್ಯಾಗ ಮಕ್ಕಳು ನಿಮ್ಮವ್ವಗ ಏನಂತಾರ್ರಿ?”

“ಆಯಿ ಅಂತಾರ.”

“ಮರಾಠಿ ಮಂದಿ ಬರದಿದ್ರ ತಡಕೋತಿದ್ದೆ,” ಎಂದಳು. “ಹಿಂದಿ ಮಂದಿ ಬರದಿದ್ರೂ ತಡಕೋತಿದ್ದೆ. ದೇವರ ಸಿಕ್ಕಂಗ ಸಿಕ್ಕ್ರಿ ಅಂದಿದ್ದೆ ನಿಮಗ.”

ಬೆಂಚಿನ ಮೇಲಿದ್ದವರೆಲ್ಲ ನಮ್ಮ ಕಡೆ ನೋಡುತ್ತಿದ್ದರು. ಭಾಷೆ ತಿಳಿಯದಿದ್ದರೂ ಏನೋ ತಿಳಿದಿತ್ತು. ಅವಳು ಅಳಲಿಲ್ಲ. ರಿಬ್ಬನ್ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಬರೀರಿ. ಈಗ ತಕರಾರ ಬರೀರಿ. ನಿಮ್ಮ ಮ್ಯಾಲೆ.”

ರಿಜಿಸ್ಟರ್ ತೆರೆದೆ. ದೂರು ಕೊಡುವವರ ಕಾಲಮ್ಮಿನಲ್ಲಿ ಅವಳ ಹೆಸರು. ಯಾರ ಮೇಲೆ ಎಂಬ ಕಾಲಮ್ಮಿನಲ್ಲಿ ನನ್ನ ಹೆಸರು. ಅವಳು ಹೇಳಿದಂತೆ ಬರೆದು, ಬರೆದ ಪ್ರತಿಯೊಂದು ಸಾಲನ್ನೂ ಅವಳಿಗೆ ಅವಳ ಭಾಷೆಯಲ್ಲಿ ಓದಿ ಹೇಳಿದೆ. ಒಂದು ಕಡೆ ತಡೆದಳು. “ಗಡಿಬಿಡ್ಯಾಗ ತಪ್ಪಾತು ಅಂತ ಬರದ್ರೇನು? ನಾ ಹಂಗ ಅಂದಿಲ್ಲ. ಅದನ್ನ ಕಾಟ ಹೊಡೀರಿ.” ಹೊಡೆದೆ. ಹೆಬ್ಬೆಟ್ಟು ಒತ್ತಿ, ಶಾಯಿಯನ್ನು ಗೋಡೆಗೆ ಒರೆಸಿ ಹೋದಳು.

ಮೇಡಂ ನನ್ನ ಮೇಲೆ ಕೂಗಾಡಿದ್ದು ಅದೊಂದೇ ಸಲ. “ವೇಡೇ ಝಾಲಾತ್ ಕಾ? ತಲೆ ಕೆಟ್ಟಿದೆಯೇ? ನಿಮ್ಮ ದೂರನ್ನು ನೀವೇ ಬರೆದುಕೊಳ್ಳುತ್ತೀರಾ?” ಆದರೆ ನಂಬರು ಬಿದ್ದ ದೂರನ್ನು ಹರಿಯಲು ಬರುವುದಿಲ್ಲ. ಮೇಲಕ್ಕೆ ಕಳಿಸಿದರು. ನನ್ನ ಹೇಳಿಕೆ ತೆಗೆದುಕೊಂಡರು, ಎಲ್ಲವನ್ನೂ ಒಪ್ಪಿ ಸಹಿ ಮಾಡಿದೆ. ದೂರಿನ ಟೇಬಲ್ಲಿನಿಂದ ತೆಗೆದು ನನ್ನನ್ನು ಟಪಾಲಿಗೆ ಹಾಕಿದರು, ಲಕೋಟೆಗೆ ನಂಬರು ಬರೆಯುವ ಕೆಲಸ. ಸರ್ಕಾರ ಕೊಡುವ ಉಚಿತ ವಕೀಲರೊಬ್ಬರು ಅವಳ ಪರವಾಗಿ ಅಪೀಲು ಹಾಕಿದರು. ತಡವಾದರೂ ಕೇಳಿಸಿಕೊಂಡರು. ಮಳೆಗಾಲ ಪೂರ್ತಿ ಅದು ನಡೆಯಿತು. ಅವಳು ಪ್ರತಿ ತಾರೀಖಿಗೂ ಬಂದಳು. ಬಾಗಿಲಲ್ಲಿ ನಾನು ಕಂಡರೆ ಮುಖ ಆಚೆ ಮಾಡುತ್ತಿದ್ದಳು.

ಗಣಪತಿ ಹಬ್ಬದ ಹಿಂದೆಮುಂದೆ ತೀರ್ಪು ಬಂತು. ತಪ್ಪಾದದ್ದು ನಿಜ ಎಂದಿತ್ತು. ಆದರೆ ಮಗು ಹೊಸ ಮನೆಗೆ ಹೊಂದಿಕೊಂಡಿದೆ, ಆ ತಾಯಿಯನ್ನೇ ತಾಯಿ ಎನ್ನುತ್ತದೆ, ಹಳೆಯ ಭಾಷೆಯಲ್ಲಿ ಮಾತಾಡಿಸಿದರೆ ಉತ್ತರ ಕೊಡುವುದಿಲ್ಲ, ಮಗುವಿನ ಹಿತದೃಷ್ಟಿಯಿಂದ ಆದೇಶ ಬದಲಿಸಲಾಗದು ಎಂದಿತ್ತು. ಹೆತ್ತವಳು ಒಂದು ಪತ್ರ ಬರೆದುಕೊಟ್ಟರೆ ಫೈಲಿನಲ್ಲಿ ಇಡಲಾಗುವುದು. ಹದಿನೆಂಟು ತುಂಬಿದ ಮೇಲೆ ಹುಡುಗಿ ಬಂದು ಕೇಳಿದರೆ ಕೊಡಲಾಗುವುದು.

ಮೇಡಂ ಇದನ್ನು ಮರಾಠಿಯಲ್ಲಿ ಓದಿ, ಅವಳಿಗೆ ತಿಳಿಸಲು ನನ್ನನ್ನೇ ಕರೆಯಬೇಕಾಯಿತು. ಬೇರೆ ಕನ್ನಡದವರು ಇರಲಿಲ್ಲ. ನಿಂತುಕೊಂಡೇ ಹೇಳಿದೆ. ಅವಳು ಒಂದೇ ಮಾತು ಕೇಳಿದಳು, “ಕೇಳಲಿಲ್ಲಂದ್ರ?”

ನಾನು ಮೇಡಂ ಮುಖ ನೋಡಿದೆ. ಮೇಡಂ ಫೈಲು ನೋಡುತ್ತಿದ್ದರು.

ಒಂದು ವಾರ ಬಿಟ್ಟು ಅವಳು ಪತ್ರ ಬರೆಸಲು ಬಂದಳು. ನಾನೇ ಬರೆಯಬೇಕೆಂದು ಅವಳೇನೂ ಕೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಟಪಾಲಿನ ಮೇಜಿನ ಮುಂದೆ ಕುಳಿತಳು. ಮೊದಲ ಸಲ ನಾನು ಕಚೇರಿಯ ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡಿದೆ. ಯಾವ ಅಕ್ಷರ ಎಲ್ಲಿದೆಯೆಂದು ಗೊತ್ತಿಲ್ಲ, ಒಂದೊಂದನ್ನೂ ಹುಡುಕಬೇಕು. ಅವಳು ಕಾದಳು. ಗಡಿಯಾರ ನೋಡುವವರು ಯಾರೂ ಇರಲಿಲ್ಲ.

“ಮೊದಲ ಇದನ್ನ ಬರೀರಿ. ಸತ್ತಾಕಿ ಆಯಿ. ನಾ ನಿಮ್ಮವ್ವ, ಇನ್ನಾ ಅದೀನಿ.”

ಬರೆದೆ. ದವಾಖಾನೆಯಲ್ಲಿ ಇದ್ದದ್ದು, ಕಿಟಕಿ, ಗಾರ್ಡನ್, ಎಲ್ಲ ಬರೆಸಿದಳು. ನೆರೆಯವಳನ್ನು ಬೈದು ಬರೆಸಿ, ಆಮೇಲೆ ಅಳಿಸೆಂದಳು. ನನ್ನ ವಿಷಯ ಬಂದಾಗ, “ನಮ್ಮ ಕಡ್ಯಾವರೊಬ್ಬರು ತಪ್ಪು ಬರದ್ರು,” ಎಂದಷ್ಟೇ ಹೇಳಿ ಮುಂದೆ ಹೋದಳು.

ಕನ್ನಡ ಮುಗಿಯಿತು. ಆದರೆ ಹದಿನೆಂಟಕ್ಕೆ ಆ ಹುಡುಗಿ ಯಾವ ಭಾಷೆ ಓದುತ್ತಾಳೆ ಎಂದು ನಮಗಿಬ್ಬರಿಗೂ ಗೊತ್ತಿರಲಿಲ್ಲ. ಕನ್ನಡವಂತೂ ಓದಲಾರಳು. ಕೆಳಗೆ ಅದನ್ನೇ ಹಿಂದಿಯಲ್ಲೂ ಬರೆಯೋಣ ಎಂದೆ. ಹಿಂದಿಯ ಮೊದಲ ಸಾಲಿಗೆ ಬಂದೆ. ಬೆರಳು ತಾನಾಗಿಯೇ ಆ ಎರಡು ಅಕ್ಷರ ಒತ್ತಿಬಿಟ್ಟಿತು, ಮರಾಠಿಯದೇ ಲಿಪಿ, ಅದೇ ಕೀಲಿ. ಸತ್ತವಳು ಆಯಿ. ಪರದೆಯ ಮೇಲೆ ನೋಡಿದೆ. ಈ ಊರಲ್ಲಿ ಯಾರು ಓದಿದರೂ ತಾಯಿ ಸತ್ತಳೆಂದೇ ಓದುತ್ತಾರೆ. ಅಳಿಸಿದೆ.

“ಯಾಕ ನಿಂತ್ರಿ?”

“ಹಿಂದ್ಯಾಗ ‘ನಾನಿ’ ಅಂತ ಬರೀಬೇಕು. ತಾಯಿಯ ತಾಯಿ.”

ಅವಳು ಯೋಚಿಸಿದಳು. “ಅಕಿ ಎಂದೂ ಹಂಗ ಕರದಿಲ್ರಿ. ನಾನಿ ಅಂದ್ರ ಯಾರದರೇ ಮುದುಕಿ ಅನಕೋತಾಳ. ಆಯಿ ಅಂದ್ರ ನೆನಪಾದ್ರೂ ಆದೀತು.”

ಕೊನೆಗೆ ಎರಡನ್ನೂ ಬರೆದೆ: ನಿನ್ನ ನಾನಿ, ನೀನು ಆಯಿ ಎಂದು ಕರೆಯುತ್ತಿದ್ದವಳು. ಅದನ್ನು ಓದಿ ಹೇಳಿದೆ. ಇನ್ನೊಮ್ಮೆ ಓದಿಸಿದಳು. ಹೆಬ್ಬೆಟ್ಟು ಒತ್ತಿದಳು. ರಿಬ್ಬನ್ನನ್ನು ಹಾಳೆಯ ಮಡಿಕೆಯಲ್ಲಿಟ್ಟಳು.

“ಹನ್ನೊಂದು ವರ್ಷ ಇದು ಇಲ್ಲಿ ಉಳೀತದನ್ರಿ?”

ನಮ್ಮ ದಾಖಲೆ ಕೋಣೆಯನ್ನು ನಾನು ಬಲ್ಲೆ. ಗೋಡೆಯಿಂದ ನೀರು ಇಳಿಯುತ್ತದೆ, ಕೆಳಗಿನ ಸಾಲಿನ ಫೈಲುಗಳು ಪ್ರತಿ ಮಳೆಗೆ ಉಬ್ಬುತ್ತವೆ. “ಮ್ಯಾಲಿನ ಸಾಲಿನ್ಯಾಗ ಇಡ್ತೀನಿ,” ಎಂದೆ. ಅಷ್ಟನ್ನೇ ಹೇಳಬಲ್ಲವನಾಗಿದ್ದೆ.

ಅವಳು ನನ್ನ ಮುಖ ನೋಡಿದಳು. ಆಮೇಲೆ ತನ್ನ ಪ್ಲಾಸ್ಟಿಕ್ ಚೀಲದಿಂದ ಎಕ್ಸ್‌ರೇಗಳನ್ನು ಹೊರತೆಗೆದು ಮೇಜಿನ ಮೇಲಿಟ್ಟಳು. ಪತ್ರವನ್ನು ಆ ಚೀಲದೊಳಗೆ ಹಾಕಿ, ಬಾಯಿಯನ್ನು ಎರಡು ಸಲ ಮಡಿಚಿ, ನನ್ನ ಕೈಗೆ ಕೊಟ್ಟಳು. ನಾನು ಟಪಾಲಿನ ನಂಬರು ಬರೆದೆ. ಹೊರಗೆ ತುಂತುರು ಮಳೆ ಹನಿಯುತ್ತಿತ್ತು. ಅವಳು ಎಕ್ಸ್‌ರೇಗಳನ್ನು ಹಾಗೆಯೇ ಕಂಕುಳಲ್ಲಿ ಇಟ್ಟುಕೊಂಡು, ಮಾಸ್ಕು ಮೇಲಕ್ಕೆ ಎಳೆದುಕೊಂಡು, ಸ್ಟೇಷನ್ನಿನ ಕಡೆ ನಡೆದಳು.